ಕ್ಲಾರಿನೆಟ್ಟಿಗೊಂದು ಕಾಗದ

ಜನವರಿ ೨೭, ೨೦೨೫, ಸೋಮವಾರ

ಹಾಲ್ಕುರಿಕೆಯ ಹುಚ್ಚಣ್ಣನವರ ಮನೆಗೆ ಹೋಗಿ ಬಂದೆ. ಅವರ ಮಗಳು ನಯನಳಿಗೆ ಮೇ ತಿಂಗಳಲ್ಲಿ ಮದುವೆ. ಬ್ಯಾಂಡಿನ ಮಾತು ಆಡಿಕೊಂಡು ಬರಲು ನಂಜುಂಡಪ್ಪ ನನ್ನನ್ನೇ ಕಳಿಸಿದ್ದ. ಬ್ಯಾಂಡ್ ಸೆಟ್ ಅವನದು, ಟ್ರಂಪೆಟ್ ಅವನದು. ಆದರೂ ಹಳ್ಳಿಯವರು ಕೇಳುವುದು, "ಕ್ಲಾರಿನೆಟ್ ಸಾಬ್ರು ಬತ್ತಾರಾ?" ಎಂದೇ.

ಮಾತು ಮುಗಿದ ಮೇಲೆ ಹುಚ್ಚಣ್ಣ ಅಟ್ಟದಿಂದ ಒಂದು ಒಣಗಾಯಿ ಇಳಿಸಿ ತಂದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗಿನ ಕೊಬ್ಬರಿ ಒಣಗಿ ಗಿಟುಕಾಗಿ ಚಿಪ್ಪು ಬಿಟ್ಟಿದ್ದರೆ ಗುಡುಗುಡು ಎನ್ನಬೇಕು.

"ಕೇಳುಸ್ತಾ ಸಾಬ್ರೆ? ಹೆಂಗೆ ಗಿಟುಕಾಗೈತೆ ನೋಡಿ!"

"ಭೇಷಾಗಿದೆ," ಎಂದೆ.

ಏನೂ ಕೇಳಿಸಿರಲಿಲ್ಲ. ಅವರ ಕೈ ಅಲ್ಲಾಡಿದ್ದು ಕಂಡಿತ್ತು, ಅಷ್ಟೆ. ಇನ್ನೊಂದು ಕಾಯಿ ಅಲ್ಲಾಡಿಸಿದರು. ಅದಕ್ಕೂ ತಲೆಯಾಡಿಸಿದೆ. ಹುಚ್ಚಣ್ಣ ಜೋರಾಗಿ ನಕ್ಕರು. ಬಹುಶಃ ಅದು ಹಸಿಕಾಯಿ.

ಎದುರು ನಿಂತು ಮಾತಾಡಿದರೆ ತುಟಿ ನೋಡಿ ಅರ್ಧ ಹಿಡಿಯುತ್ತೇನೆ, ಉಳಿದರ್ಧ ಊಹೆ. ಇದನ್ನು ಯಾರಿಗೂ ಹೇಳಿಲ್ಲ. ಇಲ್ಲಿ ಬರೆದರೆ ತೊಂದರೆಯಿಲ್ಲ. ನನ್ನ ಹೆಂಡತಿ ಶಾಹಿದಾ ಉರ್ದು ಸ್ಕೂಲಿನಲ್ಲಿ ಓದಿದವಳು. ಕನ್ನಡ ನನಗಿಂತ ಚೆನ್ನಾಗಿ ಮಾತಾಡುತ್ತಾಳೆ, ಓದಲು ಬರುವುದಿಲ್ಲ.

ಫೆಬ್ರವರಿ ೯, ಭಾನುವಾರ

ಪ್ರಾಕ್ಟೀಸಿಗೆ ಹೋಗಿದ್ದೆ. ಈ ಸೀಸನ್ನಿಗೆಂದು ನಂಜುಂಡಪ್ಪ ಹೊಸ ಸಿನಿಮಾ ಹಾಡೊಂದನ್ನು ಫೋನಿನಲ್ಲಿ ಹಾಕಿದ. ನಾವೆಲ್ಲ ಹೀಗೇ ಕಲಿತದ್ದು. ನಮ್ಮ ಉಸ್ತಾದ್ ಗುಲಾಮ್ ರಸೂಲ್ ಅವರೂ ಬಾಯಿಂದ ಹಾಡಿ ತೋರಿಸುತ್ತಿದ್ದರು, ನಾವು ಕಿವಿಯಿಂದ ಕದಿಯುತ್ತಿದ್ದೆವು. ಎರಡು ಸಲ ಕೇಳಿದರೆ ನನಗೆ ಸಾಕಾಗುತ್ತಿತ್ತು.

ಇವತ್ತು ಹಾಡು ಬಾವಿಯ ತಳದಿಂದ ಬಂದಹಾಗೆ ಬಂತು. ಡ್ರಮ್ಮಿನ ಪೆಟ್ಟು ಅಂಗಾಲಿಗೆ ತಿಳಿಯುತ್ತದೆ. ಮೇಲಿನ ಸ್ವರಗಳು ಮಾತ್ರ ಇಲ್ಲವೇ ಇಲ್ಲ. ಇನ್ನೊಂದ್ಸಲ ಹಾಕು ಎಂದೆ, ಮತ್ತೊಂದ್ಸಲ ಎಂದೆ. ಆಮೇಲೆ ಕೇಳಲು ನಾಚಿಕೆಯಾಯಿತು. ನಂಜುಂಡಪ್ಪನ ಕೆನ್ನೆ ಉಬ್ಬುವುದನ್ನು ನೋಡಿಕೊಂಡು ಮೆಲ್ಲಗೆ ಊದಿದೆ.

ಶಾಹಿದಾಗೆ ಹೊಸದೊಂದು ಅಭ್ಯಾಸ ಹತ್ತಿದೆ. ನಾನು ಹೊಲಿಗೆ ಮಷಿನ್ನಿನ ಮುಂದೆ ಕೂತಿದ್ದರೆ ಹತ್ತಿರ ಬಂದು ಭುಜ ಮುಟ್ಟಿ, ಮುಖ ನೋಡಿಕೊಂಡು, "ಏನ್ರೀ, ಊಟಕ್ಕೆ ಬನ್ನಿ," ಎನ್ನುತ್ತಾಳೆ. ಮೊದಲೆಲ್ಲ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು. ವಯಸ್ಸಾಯಿತು, ಕೂಗಲು ದನಿ ಸಾಲುತ್ತಿಲ್ಲವೇನೋ.

ಫೆಬ್ರವರಿ ೧೭, ಸೋಮವಾರ

ನಿನ್ನೆ ಕಿಬ್ಬನಹಳ್ಳಿಯಲ್ಲಿ ಮದುವೆ. ಬರೆಯಲೋ ಬೇಡವೋ ಎಂದು ಬೆಳಗಿನಿಂದ ಯೋಚಿಸಿದೆ.

ಹೆದ್ದಾರಿಯ ಪಕ್ಕದ ಛತ್ರ. ಗಂಡಿನವರು ಬಸ್ಸಿನಿಂದ ಇಳಿದರು, ಎದುರುಗೊಳ್ಳಲು ನಾವು ನಿಂತೆವು. ನನ್ನ ಬೆರಳಲ್ಲೇ ಇರುವ ಹಳೆಯ ಹಾಡು. ಅದಕ್ಕೆ ಕಿವಿ ಬೇಕಿಲ್ಲ. ಕಣ್ಣು ಮುಚ್ಚಿ ಊದಿದೆ. ಎಷ್ಟೋ ದಿನಗಳ ಮೇಲೆ ಮನಸ್ಸು ಹಗುರಾಗಿತ್ತು. ಎರಡನೇ ಚರಣವನ್ನು ಇನ್ನೊಂದು ಸುತ್ತು ತಿರುಗಿಸಿ, ಉಸ್ತಾದರು ಹೇಳಿಕೊಟ್ಟ ಕೊಂಕು ಹಾಕಿ ಇಳಿಸಿದೆ.

ಕಣ್ಣು ಬಿಟ್ಟರೆ ಯಾರೂ ನುಡಿಸುತ್ತಿಲ್ಲ. ಟ್ರಂಪೆಟ್ಟು ನಂಜುಂಡಪ್ಪನ ಕಂಕುಳಲ್ಲಿದೆ. ಡ್ರಮ್ಮಿನವನು ಕೋಲು ಕೆಳಗಿಟ್ಟಿದ್ದಾನೆ. ಪುರೋಹಿತರು ಕೈಯೆತ್ತಿ ನಿಂತಿದ್ದಾರೆ. ಅವರು ಮಂತ್ರ ಶುರುಮಾಡಿ ಎಷ್ಟು ಹೊತ್ತಾಗಿತ್ತೋ. ಇಡೀ ದಿಬ್ಬಣ ನನ್ನನ್ನೇ ನೋಡುತ್ತಿತ್ತು. ಕೆಲವರು ನಗುತ್ತಿದ್ದರು. ನಗು ಕೂಡ ಕೇಳಿಸಲಿಲ್ಲ, ಹಲ್ಲು ಕಂಡವು.

ವಾಪಸು ಬರುವಾಗ ವ್ಯಾನಿನಲ್ಲಿ ನಂಜುಂಡಪ್ಪ ನನ್ನ ಪಕ್ಕ ಕೂತ. "ಸಾಬ್ರೆ, ಕೂಗಿದೆ ಕಣ್ರೀ. ಮೂರ್ ಸಲ ಕೂಗಿದೆ," ಎಂದ.

"ಹಾಡಿನ ಗುಂಗಲ್ಲಿದ್ದೆ," ಎಂದೆ.

"ಸ್ವಲ್ಪ ದಿನ ರೆಸ್ಟ್ ತಗಳಿ. ಸೀಸನ್ ಎಲ್ಲೋಯ್ತದೆ."

ಮನೆಗೆ ಬಂದಾಗ ಶಾಹಿದಾ ಒಲೆಯ ಮುಂದಿದ್ದಳು. ಚಹಾ ಕೊಟ್ಟು ಎದುರಿಗೆ ಕೂತಳು.

ಫೆಬ್ರವರಿ ೨೧, ಶುಕ್ರವಾರ

ಬ್ಯಾಂಡಿನವರು ತುರುವೇಕೆರೆಯ ಮದುವೆಗೆ ಹೋದರಂತೆ. ನನ್ನನ್ನು ಕರೆಯಲಿಲ್ಲ. ಎರಡು ಪ್ಯಾಂಟ್ ಹೊಲಿದೆ.

ಫೆಬ್ರವರಿ ೨೪, ಸೋಮವಾರ

ಒಂದು ವಿಚಾರ ಹೊಳೆದಿದೆ. ಟಿ.ವಿ.ಯಲ್ಲಿ ಪರೇಡ್ ತೋರಿಸುವಾಗ ಮಿಲಿಟರಿ ಬ್ಯಾಂಡಿನವರು ವಾದ್ಯಕ್ಕೇ ಒಂದು ಸಣ್ಣ ಕಾಗದ ಸಿಕ್ಕಿಸಿಕೊಂಡಿರುತ್ತಾರೆ. ಅವರು ಅದನ್ನು ನೋಡಿ ನುಡಿಸುತ್ತಾರೆ. ಹಾಗಾದರೆ ಕಾಗದ ಓದಲು ಬಂದರೆ ಕಿವಿಯ ಹಂಗೇಕೆ? ಕಣ್ಣು ಇನ್ನೂ ಚೆನ್ನಾಗಿದೆ, ಸೂಜಿಗೆ ನಾನೇ ದಾರ ಪೋಣಿಸುತ್ತೇನೆ.

ಫೋನಿನಲ್ಲಿ ಹುಡುಕಿದೆ. ಕ್ಲಾರಿನೆಟ್, ನೋಟ್ಸ್, ಫ್ರೀ. ಸಾವಿರಾರು ಬಂದವು. ಒಂದರಲ್ಲಿ ಫ್ರೀ ಎಂದು ದೊಡ್ಡದಾಗಿ ಬರೆದು, ಒತ್ತಿದರೆ ಬ್ಯಾಂಕ್ ಕಾರ್ಡಿನ ನಂಬರ್ ಕೇಳಿದರು. ಇನ್ನೊಂದರಲ್ಲಿ ಮೊದಲ ಪುಟ ಮಾತ್ರ ಕಂಡಿತು, ಮಿಕ್ಕಿದ್ದು ಮಂಜು ಮಂಜು. ಮತ್ತೊಂದನ್ನು ಒತ್ತಿದ್ದಕ್ಕೆ ಫೋನಿಗೆ ವೈರಸ್ ಬಂದಿದೆ ಎಂದು ಹೆದರಿಸಿತು. ಕೊನೆಗೂ ಒಂದು ಪೂರ್ತಿ ಇಳಿಯಿತು. ಖುಷಿಯಿಂದ ಯೋಗಿತಾಳ ಜೆರಾಕ್ಸ್ ಅಂಗಡಿಗೆ ಓಡಿದೆ. ಅವಳು ಪ್ರಿಂಟ್ ತೆಗೆದು ಮೇಲಿನ ಅಕ್ಷರ ಓದಿ, "ಅಂಕಲ್, ಇದು ಪಿಯಾನೋದು," ಎಂದಳು.

ಆಮೇಲೆ ಅವಳೇ ತನ್ನ ಕಂಪ್ಯೂಟರಿನಲ್ಲಿ ಹುಡುಕಿದಳು. ಗಿರಾಕಿಗಳಿಲ್ಲದ ಹೊತ್ತು. ಒಂದು ಕಡೆ ಹಳೆಯ ವಿಲಾಯತಿ ಸಂಗೀತದ ದೊಡ್ಡ ಭಂಡಾರವೇ ಇದೆಯಂತೆ. ಬರೆದವರು ಸತ್ತು ಎಷ್ಟೋ ವರ್ಷಗಳಾಗಿ ಹಕ್ಕು ಮುಗಿದಿರುವುದರಿಂದ ಎಲ್ಲ ಬಿಟ್ಟಿ. ಸ್ಕ್ರೀನನ್ನು ನನ್ನ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದಳು. ಕ್ಲಾರಿನೆಟ್ಟಿನದೇ ಒಂದು ಜೋಗುಳ, ಎರಡು ಪುಟ. ತಂದಿದ್ದೇನೆ.

ಓದುವುದು ಹೇಗೆಂದು ಗೊತ್ತಿಲ್ಲ. ಬಂದಾಗಿನಿಂದ ನೋಡುತ್ತಾ ಕೂತಿದ್ದೇನೆ. ಐದು ಸಾಲು ಹೊಲಿಗೆ, ಅದರ ಮೇಲೆ ಯಾರೋ ಗುಂಡಿಗಳನ್ನು ಚೆಲ್ಲಿದ ಹಾಗಿದೆ.

ಮಾರ್ಚ್ ೨, ಭಾನುವಾರ

ಮೊದಲ ರೋಜಾ. ಸಂಜೆ ಉಪವಾಸ ಬಿಡಲು ಬಟ್ಟಲು ಮುಂದಿಟ್ಟುಕೊಂಡು ಇಬ್ಬರೇ ಕೂತೆವು. ಮಗಳು ಆಯೇಷಾ ಅರಸೀಕೆರೆಗೆ ಮದುವೆಯಾಗಿ ಹೋದ ಮೇಲೆ ಪ್ರತಿ ರಮ್ಜಾನೂ ಹೀಗೇ.

ನಮ್ಮ ಮನೆಯಿಂದ ಮಸೀದಿಯ ಮಿನಾರು ಕಾಣುತ್ತದೆ. ಹೋದ ವರ್ಷ ಅಜಾನ್ ಸ್ವಲ್ಪವಾದರೂ ಮುಟ್ಟುತ್ತಿತ್ತು. ಇವತ್ತು ಕಾದೇ ಕಾದೆ. ಆಕಾಶ ಕಪ್ಪಾಗುತ್ತಿತ್ತು. ಕೂಗಿದರೋ ಇಲ್ಲವೋ ತಿಳಿಯದೆ ಕಿಟಕಿ ನೋಡುತ್ತಾ ಇದ್ದಾಗ ಶಾಹಿದಾ ನನ್ನ ಅಂಗೈಯಲ್ಲಿ ಒಂದು ಖರ್ಜೂರ ಇಟ್ಟಳು. ತಾನು ತಿನ್ನುವ ಮೊದಲೇ ನನಗೆ ಕೊಟ್ಟಳು. ಮೊದಲಿನಿಂದಲೂ ಅವಳಿಗೆ ಈ ಮರ್ಯಾದೆ ಹೆಚ್ಚು.

ಆಮೇಲೆ ಕೇಳಿದಳು, "ಆ ಕಾಗದ ಇಟ್ಕೊಂಡು ಏನ್ಮಾಡ್ತೀರ? ಮರಿಯಮ್ಮ ಸಿಸ್ಟರಿಗೆ ಓದೋಕ್ ಬರುತ್ತೆ. ಚರ್ಚಲ್ಲಿ ಬಾರಿಸ್ತಾರಲ್ಲ."

ಕಾಗದದ ವಿಷಯ ಅವಳಿಗೆ ನಾನು ಹೇಳಿರಲಿಲ್ಲ. ಮಷಿನ್ ಮೇಲೆ ನೋಡಿರಬೇಕು.

ಮಾರ್ಚ್ ೮, ಶನಿವಾರ

ಮರಿಯಮ್ಮ ಸಿಸ್ಟರ್ ಆಸ್ಪತ್ರೆಯಲ್ಲಿ ನರ್ಸಾಗಿದ್ದು ರಿಟೈರ್ ಆದವರು. ಅವರ ರವಿಕೆಗಳನ್ನು ಶಾಹಿದಾನೇ ಹೊಲಿಯುವುದು. ಮನೆಯಲ್ಲಿ ಕೀಬೋರ್ಡ್ ಇದೆ. ನನ್ನ ಕಾಗದ ನೋಡಿ ಅವರ ಮುಖ ಅರಳಿತು. "ಅಯ್ಯೋ, ಇದ್ನ ನೋಡಿ ಎಷ್ಟ್ ವರ್ಷ ಆಯ್ತು ಇಮ್ದಾದ್ ಭಾಯಿ! ಹುಡುಗಿಯಾಗಿದ್ದಾಗ ಹಾಸ್ಟೆಲ್‌ನಲ್ಲಿ ಇದ್ನ ಬಾರ್ಸಿದ್ದೆ."

ಮಗ್ಗಿ ಕಲಿಸುವಂತೆ ಕಲಿಸಿದರು. ಸಾಲಿನ ಮೇಲೆ ಕೂತ ಗುಂಡಿಗೊಂದು ಹೆಸರು, ಸಂದಿಯಲ್ಲಿ ಕೂತದ್ದಕ್ಕೆ ಇನ್ನೊಂದು. ಬಾಲವಿದ್ದರೆ ಬೇಗ, ಇಲ್ಲದಿದ್ದರೆ ನಿಧಾನ. ಒಂದು ಗುರುತಿಗೆ ಸ್ವರವೇ ಇಲ್ಲ. ಇದೇನು ಎಂದು ಕೇಳಿದೆ.

"ಅಲ್ಲಿ ಸುಮ್ನಿರ್ಬೇಕು."

ಸುಮ್ಮನಿರುವುದನ್ನೂ ಬರೆದಿಟ್ಟಿದ್ದಾರೆ! ಕಿಬ್ಬನಹಳ್ಳಿಯಲ್ಲಿ ನನ್ನ ಮುಂದೆ ಈ ಗುರುತೊಂದು ಇದ್ದಿದ್ದರೆ?

ಮಾರ್ಚ್ ೧೯, ಬುಧವಾರ

ಇವತ್ತು ಒಂದೇ ಕಾಗದ ನೋಡಿಕೊಂಡು ಮೊದಲ ಸಾಲನ್ನು ಅವರು ಕೀಬೋರ್ಡಿನಲ್ಲಿ, ನಾನು ಕ್ಲಾರಿನೆಟ್ಟಿನಲ್ಲಿ ಒಟ್ಟಿಗೆ ಶುರುಮಾಡಿದೆವು. ನನಗೆ ಚೆನ್ನಾಗಿ ಬಂತೆನ್ನಿಸಿತು. ತಲೆಯೆತ್ತಿದರೆ ಸಿಸ್ಟರ್ ಕೈ ತೆಗೆದು ನನ್ನನ್ನೇ ನೋಡುತ್ತಿದ್ದರು.

ನನ್ನ ಕ್ಲಾರಿನೆಟ್ಟಿನ ಜಾತಿಯೇ ಬೇರೆಯಂತೆ, ಬಿ ಫ್ಲಾಟ್. ಕಾಗದದ ಸ್ವರ ಊದಿದರೆ ಕೀಬೋರ್ಡಿಗಿಂತ ಒಂದು ಸ್ವರ ಕೆಳಗೆ ಬರುತ್ತದೆ. ಅದಕ್ಕೇ ಕ್ಲಾರಿನೆಟ್ಟಿಗೆ ಬೇರೆ ಕಾಗದ, ಪಿಯಾನೋಗೆ ಬೇರೆ ಕಾಗದ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಇಬ್ಬರೂ ಅಷ್ಟು ಅಪಸ್ವರದಲ್ಲಿ ಒಂದು ಇಡೀ ಸಾಲು ನುಡಿಸಿದ್ದೆವು, ನಾನು ನಗುಮುಖದಲ್ಲಿದ್ದೆ.

"ಭಾಯಿ, ನಿಮಗೆ ಕೇಳಿಸ್ತಿಲ್ಲ ಅಲ್ವಾ?" ಎಂದರು ಸಿಸ್ಟರ್.

ಹೇಳಿಬಿಟ್ಟೆ. ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಡಾಕ್ಟರಿಗೆ ತೋರಿಸಿ ಎಂದರು. ಶಾಹಿದಾಗೆ ಹೇಳಬೇಡಿ ಎಂದು ಬೇಡಿಕೊಂಡೆ. ಅವರು ಏನೋ ಹೇಳಲು ಬಾಯಿ ತೆರೆದು, "ಆಯ್ತು ಬಿಡಿ," ಎಂದು ಕೀಬೋರ್ಡಿಗೆ ಬಟ್ಟೆ ಮುಚ್ಚಿದರು.

ಮಾರ್ಚ್ ೩೧, ಸೋಮವಾರ

ಈದ್. ನಮಾಜಿನಲ್ಲಿ ಪಕ್ಕದವರು ಬಾಗಿದಾಗ ಬಾಗಿದೆ, ಎದ್ದಾಗ ಎದ್ದೆ. ತಬ್ಬಿಕೊಂಡವರೆಲ್ಲ ಕಿವಿಯ ಹತ್ತಿರ ಏನೋ ಹೇಳಿದರು. ಎಲ್ಲರಿಗೂ 'ಮುಬಾರಕ್' ಎಂದೆ. ಒಬ್ಬರು ತಮ್ಮ ಸೋದರ ತೀರಿಕೊಂಡ ಸುದ್ದಿ ಹೇಳುತ್ತಿದ್ದರಂತೆ. ಆಮೇಲೆ ಗೊತ್ತಾಯಿತು.

ಆಯೇಷಾ ಫೋನ್ ಮಾಡಲಿಲ್ಲ, ಮೆಸೇಜ್ ಕಳಿಸಿದಳು. ಉದ್ದುದ್ದ ಬರೆಯುತ್ತಾಳೆ, ಮಗು ಏನೇನು ಮಾಡಿತು ಎಂದೆಲ್ಲ. ಆದರೂ ಮೊದಲು ಫೋನ್ ಮಾಡುತ್ತಿದ್ದಳು. ಹೆಣ್ಣುಮಕ್ಕಳು ಹೀಗೇ ದೂರವಾಗುತ್ತಾರೆ.

ಏಪ್ರಿಲ್ ೧೩, ಭಾನುವಾರ

ಜೋಗುಳ ಪೂರ್ತಿ ಬಂತು.

ಹೇಗೆ ಬರೆಯಲಿ? ಈ ರಾಗವನ್ನು ನಾನು ಎಂದೂ ಕೇಳಿಲ್ಲ. ಯಾರೂ ಹಾಡಿ ತೋರಿಸಿಲ್ಲ. ಯಾವುದೋ ದೇಶದಲ್ಲಿ ಸತ್ತುಹೋದವನೊಬ್ಬ ಬರೆದಿಟ್ಟದ್ದು, ತಿಪಟೂರಿನ ಜೆರಾಕ್ಸ್ ಅಂಗಡಿಯಿಂದ ಬಂದು ನನ್ನ ಬೆರಳಿಗೆ ಇಳಿಯಿತು. ಅದರ ಸದ್ದು ಪೂರ್ತಿ ಹೇಗಿದೆಯೋ ನನಗೆ ಗೊತ್ತಿಲ್ಲ. ಕೆಳಗಿನ ಸ್ವರಗಳು ಹಲ್ಲಿನ ಮೂಲಕ ತಲೆಗೆ ಹತ್ತುತ್ತವೆ. ಮೇಲಿನವಕ್ಕೆ ಬೆರಳನ್ನೇ ನಂಬಬೇಕು. ನಡುವೆ ತುಂಬ ಉದ್ದಕ್ಕೆ ಸುಮ್ಮನಿರುವ ಗುರುತುಗಳಿವೆ, ಅಲ್ಲಿ ಒಬ್ಬನೇ ಕಾಯುವುದೇಕೆಂದು ಹಾರಿಸಿ ಮುಂದೆ ಹೋಗುತ್ತೇನೆ.

ನುಡಿಸುವಾಗೆಲ್ಲ ಶಾಹಿದಾ ಸೀರೆಗೆ ಫಾಲ್ ಹೊಲಿಯುತ್ತಾ ಹತ್ತಿರವೇ ಕೂತಿರುತ್ತಾಳೆ. ಒಂದೇ ಹಾಡನ್ನು ತಿಂಗಳಿಡೀ ಕೇಳಿ ಅವಳಿಗೆ ತಲೆ ಚಿಟ್ಟು ಹಿಡಿದಿರಬೇಕು, ಪಾಪ.

ಏಪ್ರಿಲ್ ೨೭, ಭಾನುವಾರ

ಈಗಿನ ಸಿನಿಮಾ ಹಾಡುಗಳಿಗೆ ಬಿಟ್ಟಿ ಕಾಗದ ಎಲ್ಲೂ ಇಲ್ಲ. ಯೋಗಿತಾ ಹುಡುಕಿ ಸೋತಳು. ಕೊನೆಗೆ ಮರಿಯಮ್ಮ ಸಿಸ್ಟರ್ ಫೋನಿನಲ್ಲಿ ಕೇಳಿ ಕೇಳಿ, ಒಂದು ಹಾಡನ್ನು ನನ್ನ ಕ್ಲಾರಿನೆಟ್ಟಿಗೆ ಹೊಂದುವಂತೆ ಬರೆದುಕೊಟ್ಟರು. ಬಾಯಿಪಾಠ ಮಾಡಿಕೊಂಡು ಪ್ರಾಕ್ಟೀಸಿಗೆ ಹೋದೆ. ನಂಜುಂಡಪ್ಪ ಬೇಡವೆನ್ನಲಿಲ್ಲ.

ಒಂದು ಸ್ವರವೂ ತಪ್ಪಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಒಂದೂ ತಪ್ಪಲಿಲ್ಲ. ಆದರೆ ನಾನು ಮುಗಿಸಿ ಕ್ಲಾರಿನೆಟ್ ಇಳಿಸಿದಾಗ ಅವರೆಲ್ಲ ಇನ್ನೂ ನುಡಿಸುತ್ತಿದ್ದರು. ಮತ್ತೆ ಶುರುಮಾಡಿದೆವು. ಈ ಸಲ ಅವರು ಮೊದಲು ಮುಗಿಸಿದರು. ಏನು ನುಡಿಸಬೇಕೆಂದು ಕಾಗದ ಹೇಳುತ್ತದೆ. ಮಿಕ್ಕವರು ಎಲ್ಲಿದ್ದಾರೆಂದು ಅದು ಹೇಳುವುದಿಲ್ಲ.

ನಂಜುಂಡಪ್ಪ ನನ್ನನ್ನು ತೆಂಗಿನಮರದ ನೆರಳಿಗೆ ಕರೆದುಕೊಂಡು ಹೋದ. ಒಳ್ಳೆಯವನು. ಕೂಗದೆ, ನಿಧಾನವಾಗಿ ಹೇಳಿದ. "ಬೇಜಾರ್ ಮಾಡ್ಕಬೇಡಿ ಕಣ್ರೀ. ಹುಚ್ಚಣ್ಣಾರು ನೀವೇ ಬರ್ಬೇಕು ಅಂದವ್ರೆ. ಡ್ರೆಸ್ ಹಾಕ್ಕಂಡು ಮುಂದ್ಗಡೆ ನಿಂತ್ಕಳಿ. ಬಾಯ್ಗಿಟ್ಕಳಿ, ಬೆರಳಾಡಿಸಿ. ಊದ್ಬೇಡಿ. ಕೀಬೋರ್ಡಲ್ಲಿ ಕ್ಲಾರಿನೆಟ್ ಸೌಂಡ್ ಹಾಕಿಸ್ತೀನಿ. ಯಾರ್ಗೂ ಗೊತ್ತಾಗಲ್ಲ."

ನಾಳೆ ಹೇಳುತ್ತೇನೆ ಎಂದೆ. ಆದರೆ ಹೊರಡಲು ಮನಸ್ಸಾಗಲಿಲ್ಲ. ಎಲ್ಲರೂ ಚಹಾ ಕುಡಿಯುತ್ತಿದ್ದರು, ಯಾರೋ ನನ್ನ ಬೆನ್ನು ತಟ್ಟಿ ಲೋಟ ಕೊಟ್ಟರು. ಅಲ್ಲೇ ಒಪ್ಪಿಕೊಂಡೆ.

ಮೇ ೧೮, ಭಾನುವಾರ

ನಯನಳ ಮದುವೆ ಆಯಿತು. ಊದದೆ ನಿಂತೆ. ಹುಚ್ಚಣ್ಣ ಬಂದು ಎರಡೂ ಕೈ ಹಿಡಿದು, "ನಿಮ್ಮಂಗೆ ಊದೋರು ಇನ್ಯಾರೂ ಇಲ್ಲ ಸಾಬ್ರೆ," ಎಂದರು.

ಮೇ ೧೯, ಸೋಮವಾರ

ಶಾಹಿದಾನೂ ಮದುವೆಗೆ ಬಂದಿದ್ದಳು. ಹುಡುಗಿಯ ರವಿಕೆಗಳನ್ನೆಲ್ಲ ಹೊಲಿದವಳು ಅವಳೇ, ಕರೆದಿದ್ದರು. ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಬೆಳಿಗ್ಗೆ ಚಹಾ ಕೊಟ್ಟು, ಮಷಿನ್ನಿನ ಆಚೆ ನನ್ನೆದುರು ಸ್ಟೂಲು ಎಳೆದುಕೊಂಡು ಕೂತಳು.

"ನಿನ್ನೆ ನೀವು ಊದ್ಲಿಲ್ಲ."

"ಯಾರು ಹೇಳಿದ್ರು?"

"ಯಾರ್ ಹೇಳ್ಬೇಕು? ಊದುವಾಗ ನಿಮ್ ಕತ್ತಿನ ನರ ಎದ್ದಿರುತ್ತೆ. ನಿನ್ನೆ ಇರ್ಲಿಲ್ಲ."

ಸೌಂಡ್ ಸಿಸ್ಟಮ್ಮು, ಕೀಬೋರ್ಡು ಎಂದು ಏನೇನೋ ಹೇಳತೊಡಗಿದೆ. ಅವಳು ನನ್ನ ಕೈ ಮೇಲೆ ಕೈ ಇಟ್ಟಳು. ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದಳು. "ಕಿವಿ ಕೇಳ್ಸಲ್ಲ ಅಂತ ನಂಗೆ ಗೊತ್ತು. ಅದ್ರಲ್ಲೇನಿದೆ? ಊದ್ದೆ ನಿಂತ್ಕೊಂಡ್ರಲ್ಲ, ಅದನ್ನ ನೋಡೋಕಾಗ್ಲಿಲ್ಲ ನಂಗೆ. ಎದ್ದು ಆಚೆ ಹೋಗ್ಬಿಟ್ಟೆ."

"ಯಾವಾಗಿಂದ ಗೊತ್ತು?"

"ಹೋದ್ ವರ್ಷ ಕುಕ್ಕರ್ ಸೀಟಿ ಮೇಲೆ ಸೀಟಿ ಹೊಡೀತಿತ್ತು. ನೀವು ಪಕ್ಕದಲ್ಲೇ ಕಾಜ ಹೊಲೀತಿದ್ರಿ. ನಾನು ಅಂಗಡಿಯಿಂದ ಬರೋ ಹೊತ್ತಿಗೆ ಅನ್ನ ಸೀದು ಹೊಗೆ. ಆವತ್ತಿಂದ."

"ಕೇಳಬಾರದಿತ್ತಾ?"

"ನೀವೇ ಹೇಳ್ತೀರ ಅಂತ ಕಾದೆ."

ಸಿಟ್ಟು ಬಂತು. ಆಯೇಷಾಗೂ ಹೇಳಿದ್ದಾಳಂತೆ, ಮರಿಯಮ್ಮ ಸಿಸ್ಟರಿಗೂ ಮೊದಲೇ ಹೇಳಿದ್ದಾಳಂತೆ. ಎಲ್ಲರಿಗೂ ಗೊತ್ತು. ಗೊತ್ತಿಲ್ಲವೆಂದು ನಾನೊಬ್ಬನೇ ಆಟ ಆಡುತ್ತಿದ್ದೆ. ಎದ್ದು ಕೆರೆಯ ಕಡೆ ಹೋದೆ. ಮೋಸ ಮಾಡಿದಳು ಎಂದುಕೊಂಡೆ. ಯಾರು ಯಾರಿಗೆ ಮಾಡಿದ್ದು ಎಂದು ಯೋಚಿಸುತ್ತಾ ಏರಿಯ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದೆ. ಮಧ್ಯಾಹ್ನ ವಾಪಸು ಬಂದಾಗ ಅವಳು ಊಟ ಮಾಡಿರಲಿಲ್ಲ.

ಮೇ ೨೦, ಮಂಗಳವಾರ

ಇಡೀ ದಿನ ಕಾಜ ಹೊಲಿದೆ.

ಜೂನ್ ೪, ಬುಧವಾರ

ಬ್ಯಾಂಡಿನ ಕೆಂಪು ಕೋಟನ್ನು ಇಸ್ತ್ರಿ ಮಾಡಿ ನಂಜುಂಡಪ್ಪನಿಗೆ ಕೊಟ್ಟು ಬಂದೆ. ಚಿಕ್ಕನಾಯಕನಹಳ್ಳಿಯ ಮದುವೆಗೂ ನಿಂತುಕೊಳ್ಳಿ ಎಂದ. "ಊದೋದಾದ್ರೆ ಬರ್ತೀನಿ, ನಿಲ್ಲೋಕೆ ಬರಲ್ಲ," ಎಂದೆ. ಕಿವಿಯ ವಿಷಯವನ್ನೂ ಹೇಳಿದೆ. ಅವನು ಕೋಟನ್ನು ತೊಡೆಯ ಮೇಲಿಟ್ಟುಕೊಂಡು ಗುಂಡಿಗಳನ್ನು ಮುಟ್ಟುತ್ತಾ ಕೂತ. "ನಮ್ಗೂ ಗೊತ್ತಿತ್ತು ಬುಡಿ ಸಾಬ್ರೆ," ಎಂದ.

ಬರುವಾಗ ದಾರಿಯಲ್ಲಿ ಬೇರೆ ಬ್ಯಾಂಡಿನ ವ್ಯಾನು ಹೋಯಿತು. ಮೇಲೆ ಡ್ರಮ್ಮು ಕಟ್ಟಿದ್ದರು. ಅದು ತಿರುವು ದಾಟುವ ತನಕ ನಿಂತಿದ್ದೆ.

ಜೂನ್ ೧೭, ಮಂಗಳವಾರ

ಶಾಹಿದಾ ತುಮಕೂರಿಗೆ ಕರೆದುಕೊಂಡು ಹೋದಳು. ನರ ಸವೆದಿದೆ, ಮದ್ದಿಲ್ಲ, ಕಿವಿಗೆ ಮಷಿನ್ ಹಾಕಿಕೊಳ್ಳಿ ಎಂದರು ಡಾಕ್ಟರು. ಹಾಕಿಸಿಕೊಂಡೆ. ಬಸ್ಸು, ಪಾತ್ರೆ, ಕಾಗೆ ಎಲ್ಲ ತಗಡಿನ ಮೇಲೆ ಕಲ್ಲು ಸುರಿದಂತೆ. ಮಾತಿಗೆ ಪರವಾಗಿಲ್ಲ. ಕ್ಲಾರಿನೆಟ್ ಊದಿದರೆ ಮಾತ್ರ ಯಾರದೋ ವಾದ್ಯ ಅನ್ನಿಸುತ್ತದೆ. ನುಡಿಸುವಾಗ ತೆಗೆದಿಡುತ್ತೇನೆ.

ತೆಗೆದಿಟ್ಟು ಜೋಗುಳ ನುಡಿಸಿದೆ. ಶಾಹಿದಾ ಸೂಜಿ ನಿಲ್ಲಿಸಿ ಬೆರಳೆತ್ತಿದಳು. ಏನೆಂದೆ. "ಅಲ್ಲಿ ಹಂಗಲ್ಲ, ಇನ್ನೂ ಮೇಲಕ್ಕೆ ಹೋಗುತ್ತೆ," ಎಂದು ಕೈಯಲ್ಲಿ ತೋರಿಸಿದಳು. ಕಾಗದ ನೋಡಿದೆ. ಅವಳು ಹೇಳಿದ್ದೇ ಸರಿ. ಕಾಗದದ ಒಂದು ಗುಂಡಿಯನ್ನೂ ಅವಳು ಓದಲಾರಳು.

ಜೂನ್ ೨೯, ಭಾನುವಾರ

ಯೋಗಿತಾ ಅದೇ ಭಂಡಾರದಿಂದ ಜೋಗುಳದ ಪಿಯಾನೋ ಕಾಗದವನ್ನೂ ತೆಗೆದುಕೊಟ್ಟಿದ್ದಳು. ಇವತ್ತು ಮರಿಯಮ್ಮ ಸಿಸ್ಟರ್ ಮನೆಯಲ್ಲಿ ಮೂವರೂ ಕೂತೆವು. ನಾನು ಹಾರಿಸಿಕೊಂಡು ಹೋಗುತ್ತಿದ್ದ ಆ ಉದ್ದನೆಯ ಮೌನದಲ್ಲಿ ಕೀಬೋರ್ಡ್ ಒಂದೇ ನುಡಿಯಬೇಕಂತೆ. ಅಲ್ಲಿ ಕ್ಲಾರಿನೆಟ್ ಕಾಯಬೇಕು.

ಶಾಹಿದಾ ಪಕ್ಕ ಕೂತು ನನ್ನ ಮೊಣಕಾಲ ಮೇಲೆ ಕೈ ಇಟ್ಟಳು. ನನ್ನ ಭಾಗ ಊದಿ ಮುಗಿಸಿದೆ, ನಿಲ್ಲಿಸಿದೆ. ಸಿಸ್ಟರ್ ಅವರ ಬೆರಳುಗಳು ಓಡುತ್ತಿದ್ದವು. ಏನೂ ಕೇಳಿಸದೆ ಸುಮ್ಮನೆ ಕೂತಿರುವುದು ಎಷ್ಟು ಕಷ್ಟ! ಈಗಲೋ, ಆಮೇಲೋ ಎಂದು ಜೀವ ಹಾರುತ್ತಿತ್ತು. ಶಾಹಿದಾಳ ಬೆರಳು ಮೊಣಕಾಲ ಮೇಲೆ ಮೆಲ್ಲಗೆ ತಾಳ ಹಾಕುತ್ತಿತ್ತು. ಆಮೇಲೆ ಕೈ ಎತ್ತಿದಳು. ಊದಿದೆ.

ಮುಗಿದಾಗ ಸಿಸ್ಟರ್ ಕಣ್ಣೊರೆಸಿಕೊಂಡು ಏನೋ ಹೇಳಿದರು. ಶಾಹಿದಾ ನನ್ನ ಕಡೆ ತಿರುಗಿ, "ಸರಿಯಾಗಿ ಸೇರ್ಕೊಂಡ್ರಂತೆ," ಎಂದಳು. ಇನ್ನೊಂದು ಸಲ ನುಡಿಸಿದೆವು. ಅದರಲ್ಲಿ ನಾನು ಎರಡು ಕಡೆ ತಪ್ಪಿದೆ.

ಚರ್ಚಿನಲ್ಲಿ ಕ್ರಿಸ್‌ಮಸ್ಸಿಗೆ ನುಡಿಸುತ್ತೀರಾ ಎಂದು ಸಿಸ್ಟರ್ ಕೇಳಿದ್ದಾರೆ. ಶಾಹಿದಾ ಜೊತೆಗೆ ಬರುವುದಾದರೆ ನೋಡೋಣ ಎಂದಿದ್ದೇನೆ. ಯಾವ ಹಾಡುಗಳು, ಅವಕ್ಕೆ ಕಾಗದ ಎಲ್ಲಿ ಸಿಗುತ್ತದೆ, ನಾಳೆ ಯೋಗಿತಾಳನ್ನು ಕೇಳಬೇಕು. ಕಿವಿಯ ಮಷಿನ್ ತೆಗೆದಿಟ್ಟು ಕೂತಿದ್ದೇನೆ, ಇನ್ನೂ ಬರೆಯುವುದಿತ್ತು. ಶಾಹಿದಾ ರೂಮಿನ ಲೈಟನ್ನು ಆರಿಸಿ ಹಚ್ಚಿ, ಆರಿಸಿ ಹಚ್ಚಿ ಮಾಡುತ್ತಿದ್ದಾಳೆ. ಊಟಕ್ಕೆ ಕರೆಯುತ್ತಿದ್ದಾಳೆ.